ಯುದ್ಧಕ್ಕೆ ಮೊದಲು ಸಂಧಾನ: ಉದ್ಯೋಗಪರ್ವದ ಪಾಠ



ಒಂದು ದೇಶ ಇನ್ನೊಂದು ದೇಶದ ಮೇಲೆ ಯುದ್ಧಕ್ಕೆ ಹೋಗುವುದು ಸರಿಯೇ? ಈ ಪ್ರಶ್ನೆ ಬಂದಾಗ ನಮ್ಮಲ್ಲಿ ಅನೇಕರು ಕೂಡಲೇ ಹೇಳುವುದುಂಟು: "ಶ್ರೀಕೃಷ್ಣನೇ ಅರ್ಜುನನಿಗೆ ಯುದ್ಧ ಮಾಡು ಎಂದನಲ್ಲವೇ?" ಮಾತು ನಿಜ. ಆದರೆ ಗೀತೆ ಬರುವುದು ಭೀಷ್ಮಪರ್ವದಲ್ಲಿ. ಅದರ ಹಿಂದಿನ ಉದ್ಯೋಗಪರ್ವವನ್ನು ಬಿಟ್ಟರೆ ಪಾಠ ಅರ್ಧವೇ ಆಗುತ್ತದೆ.

ಊರಿನಲ್ಲಿ ಯಕ್ಷಗಾನ ನೋಡಿ ಬೆಳೆದವರಿಗೆ 'ಕೃಷ್ಣಸಂಧಾನ' ಪ್ರಸಂಗ ನೆನಪಿರಬಹುದು. ಹದಿಮೂರು ವರ್ಷಗಳ ವನವಾಸ, ಅಜ್ಞಾತವಾಸ ಮುಗಿಸಿದ ಪಾಂಡವರ ಪಕ್ಷದಲ್ಲಿ ನ್ಯಾಯವಿತ್ತು. ಆದರೂ ಮೊದಲು ದ್ರುಪದನ ಪುರೋಹಿತ ಹಸ್ತಿನಾವತಿಗೆ ಹೋದ. ಆಮೇಲೆ ಸಂಜಯ ಬಂದು ಮಾತಾಡಿ ಹೋದ. ಧರ್ಮರಾಯ ಐದು ಊರುಗಳಾದರೂ ಸಾಕು ಎಂದ. ಕೊನೆಗೆ ಕೃಷ್ಣನೇ ರಾಯಭಾರಿಯಾಗಿ ಹೊರಟ. ಆತನನ್ನೇ ಸೆರೆಹಿಡಿಯಲು ದುರ್ಯೋಧನ ಯತ್ನಿಸಿದ ಮೇಲೆಯೇ ಯುದ್ಧ ನಿಶ್ಚಯವಾಯಿತು. ಅರ್ಜುನನಿಗೆ "ಏಳು" ಎಂದವನು, ಯುದ್ಧ ತಪ್ಪಿಸಲು ತಾನೇ ನಡೆದು ಹೋಗಿದ್ದವನು.

ಇದೇ ಅಳತೆಗೋಲಿನಿಂದ ನಾವು ನೆಲೆಸಿರುವ ಈ ದೇಶದ ಒಂದು ಯುದ್ಧವನ್ನು ನೋಡೋಣ. 2003ರ ಫೆಬ್ರವರಿ 15ರಂದು ಲಂಡನ್ನಿನಲ್ಲಿ ಇರಾಕ್ ಯುದ್ಧದ ವಿರುದ್ಧ ಲಕ್ಷಾಂತರ ಜನ ಮೆರವಣಿಗೆ ಹೊರಟು ಹೈಡ್ ಪಾರ್ಕಿನಲ್ಲಿ ಸೇರಿದರು. ರೇನರ್ಸ್ ಲೇನಿನಲ್ಲಿ ಪಿಕಡಿಲಿ ಲೈನ್ ಹತ್ತಿದರೆ ನೇರ ತಲುಪುವ ಜಾಗ ಅದು. ಮಾರ್ಚ್ 7ರಂದು ವಿಶ್ವಸಂಸ್ಥೆಯ ತಪಾಸಕರ ಮುಖ್ಯಸ್ಥ ಹಾನ್ಸ್ ಬ್ಲಿಕ್ಸ್, ಕೆಲಸ ಮುಗಿಯಲು ಇನ್ನೂ ಕೆಲವು ತಿಂಗಳು ಬೇಕೆಂದರು. ಮಾರ್ಚ್ 18ರಂದು ಪಾರ್ಲಿಮೆಂಟು 412–149 ಮತಗಳಿಂದ ಯುದ್ಧಕ್ಕೆ ಒಪ್ಪಿತು. ಎರಡೇ ದಿನಗಳಲ್ಲಿ ಯುದ್ಧ ಶುರುವಾಯಿತು.

ಸದ್ದಾಂ ಹುಸೇನ್ ಕ್ರೂರಿ ಎಂಬುದು ನಿಜ. ಆದರೆ ದುರ್ಯೋಧನ ಎಂಥವನೆಂದು ತಿಳಿದಿದ್ದೂ ಕೃಷ್ಣ ಸಂಧಾನವನ್ನು ಅರ್ಧಕ್ಕೆ ನಿಲ್ಲಿಸಲಿಲ್ಲ. ಎದುರಾಳಿ ಕೆಟ್ಟವನಾದ ಮಾತ್ರಕ್ಕೆ ನಮ್ಮ ಕರ್ತವ್ಯ ಮುಗಿಯುವುದಿಲ್ಲ. ಇರಾಕಿನಲ್ಲಿ ಇವೆಯೆಂದು ಹೇಳಿದ್ದ ಸಮೂಹನಾಶಕ ಅಸ್ತ್ರಗಳ ಸಂಗ್ರಹ ಕೊನೆಗೂ ಸಿಗಲಿಲ್ಲ. ಶಾಂತಿಯ ದಾರಿಗಳು ಮುಗಿಯುವ ಮೊದಲೇ ಬ್ರಿಟನ್ ಯುದ್ಧಕ್ಕಿಳಿಯಿತು ಎಂದು 2016ರ ಜುಲೈ 6ರಂದು ಹೊರಬಂದ ಚಿಲ್ಕಾಟ್ ವರದಿ ಹೇಳಿತು. ಸತ್ತ ಬ್ರಿಟಿಷ್ ಯೋಧರು 179. ಅದೇ ವರದಿಯ ಪ್ರಕಾರ 2009ರ ಜುಲೈ ಹೊತ್ತಿಗೆ ಸತ್ತ ಇರಾಕಿಗಳು ಕನಿಷ್ಠ ಒಂದೂವರೆ ಲಕ್ಷ. ಅವರಲ್ಲಿ ಹೆಚ್ಚಿನವರು ಸಾಮಾನ್ಯ ಪ್ರಜೆಗಳು.

ಹಾಗಾದರೆ ಯುದ್ಧವೇ ಕೂಡದೇ? ಭಾರತ ಹಾಗೆ ಹೇಳುವುದಿಲ್ಲ. ಬೇರೆ ದಾರಿ ಇಲ್ಲದಾಗ ಅನ್ಯಾಯವನ್ನು ತಡೆಯುವುದು ಧರ್ಮವೇ. ಆದರೆ ಗೆದ್ದ ಧರ್ಮರಾಯ ಶಾಂತಿಪರ್ವದಲ್ಲಿ ಸಿಂಹಾಸನವೇ ಬೇಡವೆಂದು ದುಃಖಿಸುತ್ತಾನೆ. ನ್ಯಾಯದ ಯುದ್ಧದ ಬೆಲೆಯೇ ಅಷ್ಟಾದರೆ, ಅವಸರದ ಯುದ್ಧದ ಬೆಲೆ ಎಷ್ಟಿರಬೇಕು? ಸಾಫ್ಟ್‌ವೇರ್ ಕೆಲಸದಲ್ಲಿ ತಪ್ಪಾದರೆ ಹಳೆಯ ಆವೃತ್ತಿಗೆ ಮರಳಬಹುದು. ಯುದ್ಧದಲ್ಲಿ ಆ ಅನುಕೂಲವಿಲ್ಲ.

ಇಲ್ಲಿ ಮತ ಹಾಕುವವರು ನಾವು. ನಾಳೆ ಹಾಕುವವರು ನಮ್ಮ ಮಕ್ಕಳು. ಮನೆಯಲ್ಲಿ ಮಕ್ಕಳೊಡನೆ ಈ ಮೂರು ಪ್ರಶ್ನೆ ಚರ್ಚಿಸಿ:

1. ಸಂಧಾನಕ್ಕೆ ಯಾರು ಹೋದರು, ಎಷ್ಟು ಸಲ?
2. ನಮ್ಮ ಕಡೆಯವರು ಎಷ್ಟು ಬಿಟ್ಟುಕೊಡಲು ಸಿದ್ಧರಿದ್ದರು?
3. ಇನ್ನೂ ಸ್ವಲ್ಪ ಕಾಯಬಹುದಿತ್ತೇ?

ಮೂರಕ್ಕೂ ನೇರ ಉತ್ತರ ಸಿಗುವವರೆಗೆ ಯಾವ ಯುದ್ಧವನ್ನೂ ಧರ್ಮಯುದ್ಧ ಎನ್ನದಿರೋಣ.