ಫ್ರಿಜ್ಜು ಏಕೆ ತಣ್ಣಗಾಗುತ್ತಿಲ್ಲ?

ಮಕ್ಕಳೇ, ಅದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಆಟವಾಡಿ ಬಂದ ನೀವು ತಣ್ಣೀರು ಕುಡಿಯಬೇಕೆಂದು ಫ್ರಿಜ್ಜಿನ ಬಾಗಿಲು ತೆರೆದಿರಿ. ಒಳಗಿನ ದೀಪ ಹತ್ತಿತು. ಆದರೆ ಬಾಟಲಿಯ ನೀರು ತಣ್ಣಗಿಲ್ಲ. ಹಾಲಿನ ಪಿಶವಿಯೂ ತಣ್ಣಗಿಲ್ಲ. ಬಾಗಿಲಿನ ಖಾನೆಯಲ್ಲಿ ಅಜ್ಜಿಯ ಇನ್ಸುಲಿನ್ ಸೀಸೆ ಇದೆ. ಅಜ್ಜಿಗೆ ಸಕ್ಕರೆ ಕಾಯಿಲೆ. ಆ ಔಷಧವಿಲ್ಲದೆ ಅವರಿಗೆ ನಡೆಯುವುದಿಲ್ಲ. ಈಗ ನೀವು ಏನು ಮಾಡುವಿರಿ?

ಮೊದಲು ಬಾಗಿಲು ಮುಚ್ಚಿರಿ. ಕೆಟ್ಟಿದೆಯೋ ಏನೋ ಎಂದು ಮತ್ತೆ ಮತ್ತೆ ತೆರೆದು ನೋಡಿದರೆ ಉಳಿದಿರುವ ತಂಪೂ ಹೊರಟು ಹೋಗುತ್ತದೆ. ಬಾಗಿಲು ಮುಚ್ಚಿಯೇ ಇದ್ದರೆ, ನಿಂತುಹೋದ ಫ್ರಿಜ್ಜು ಸುಮಾರು ನಾಲ್ಕು ಗಂಟೆ ಒಳಗಿನ ಪದಾರ್ಥಗಳನ್ನು ಕಾಪಾಡಬಲ್ಲದು. ನಂತರ ಮನೆಯ ಹಿರಿಯರಿಗೆ ತಿಳಿಸಿರಿ. ಬಳಸದೆ ಇಟ್ಟ ಇನ್ಸುಲಿನ್ 2 ರಿಂದ 8 ಅಂಶ ಸೆಲ್ಸಿಯಸ್ ತಾಪಮಾನದಲ್ಲಿ ಇರಬೇಕು. ಅದನ್ನು ನೆರೆಮನೆಯ ಫ್ರಿಜ್ಜಿನಲ್ಲಿ ಇಟ್ಟು ಬರಬಹುದು. ಆದರೆ ಮಂಜುಗಡ್ಡೆಯ ಖಾನೆಯಲ್ಲಿ ಇಡಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕೂಡ ಕೆಲಸಕ್ಕೆ ಬಾರದು. ಹಾಲು ಕೆಟ್ಟರೆ ವಾಸನೆಯಿಂದ ತಿಳಿಯುತ್ತದೆ. ಔಷಧ ಹಾಗಲ್ಲ. ಶಾಖಕ್ಕೆ ಕೆಟ್ಟ ಔಷಧವು ನೋಡಲು ಮೊದಲಿನಂತೆಯೇ ಇರಬಹುದು. ಆದ್ದರಿಂದ ಅದು ಬಹಳ ಹೊತ್ತು ಬೆಚ್ಚಗೆ ಇದ್ದಿದ್ದರೆ ಡಾಕ್ಟರರನ್ನು ಕೇಳಿಯೇ ಬಳಸಬೇಕು.

ಔಷಧ ಸುರಕ್ಷಿತವಾಯಿತು. ಇನ್ನು ಫ್ರಿಜ್ಜಿನ ಕಡೆಗೆ ಬರೋಣ.

ಫ್ರಿಜ್ಜು ತಂಪನ್ನು ತಯಾರಿಸುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಅದು ಅಷ್ಟು ಸರಿಯಲ್ಲ. ಫ್ರಿಜ್ಜು ಮಾಡುವುದು ಹಮಾಲನ ಕೆಲಸ. ಪೆಟ್ಟಿಗೆಯ ಒಳಗಿರುವ ಶಾಖವನ್ನು ಹೊತ್ತು ತಂದು ಅದು ಹೊರಗೆ ಹಾಕುತ್ತದೆ. ಶಾಖ ಹೊರಗೆ ಹೋದ ಮೇಲೆ ಒಳಗೆ ಉಳಿಯುವುದೇ ತಂಪು.

ಶಾಖವನ್ನು ಹೊರುವುದು ಹೇಗೆ? ನಿಮ್ಮ ಕೈಯ ಮೇಲೆ ಒಂದು ಹನಿ ನೀರು ಹಚ್ಚಿ ಊದಿರಿ. ತಂಪೆನಿಸಿತಲ್ಲವೇ? ನೀರು ಆವಿಯಾಗುವಾಗ ಚರ್ಮದ ಶಾಖವನ್ನು ತನ್ನ ಜೊತೆ ಒಯ್ದಿತು. ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಹೀಗೆಯೇ. ಸ್ಕಾಟ್ಲೆಂಡಿನ ವಿಲಿಯಂ ಕಲನ್ ಎಂಬ ವೈದ್ಯರು 18ನೆಯ ಶತಮಾನದಲ್ಲಿಯೇ ದ್ರವವನ್ನು ವೇಗವಾಗಿ ಆವಿಯಾಗಿಸಿ ತಂಪು ಉಂಟುಮಾಡಿ ತೋರಿಸಿದ್ದರು. ನಮ್ಮ ದೇಶದಲ್ಲಿ ಗೋದ್ರೇಜ್ ಕಂಪನಿಯು 1958ರಲ್ಲಿ ಫ್ರಿಜ್ಜುಗಳನ್ನು ತಯಾರಿಸತೊಡಗಿತು.

ಫ್ರಿಜ್ಜಿನ ಕೊಳವೆಗಳಲ್ಲಿ ಬಹಳ ಬೇಗ ಆವಿಯಾಗುವ ಒಂದು ದ್ರವ ಇರುತ್ತದೆ. ಮಂಜುಗಡ್ಡೆಯ ಖಾನೆಯ ಸುತ್ತ ಅದು ಆವಿಯಾಗಿ ಒಳಗಿನ ಶಾಖವನ್ನು ಹೀರುತ್ತದೆ. ಕೆಳಗೆ ಹಿಂಬದಿಯಲ್ಲಿ ಕಪ್ಪು ಗಡಿಗೆಯಂಥ ಒಂದು ಯಂತ್ರವನ್ನು ನೋಡಿದ್ದೀರಾ? ಅದೇ ಕಂಪ್ರೆಸರ್. ಅದು ಆ ಅನಿಲವನ್ನು ಒತ್ತಿ ಬಿಸಿ ಮಾಡಿ ಹಿಂಬದಿಯ ಜಾಲರಿಗೆ ಕಳಿಸುತ್ತದೆ. ಜಾಲರಿಯಲ್ಲಿ ಅನಿಲವು ತನ್ನ ಶಾಖವನ್ನು ಗಾಳಿಗೆ ಕೊಟ್ಟು ಮತ್ತೆ ದ್ರವವಾಗುತ್ತದೆ. ಅಲ್ಲಿಂದ ಕೂದಲಿನಂಥ ಸಣ್ಣ ಕೊಳವೆಯ ಮೂಲಕ ತಿರುಗಿ ಒಳಗೆ ಹೋಗುತ್ತದೆ. ಹಗಲೂ ರಾತ್ರಿ ಹೀಗೆ ಸುತ್ತು ನಡೆದಿರುತ್ತದೆ.

ಇಷ್ಟು ತಿಳಿದರೆ ಫ್ರಿಜ್ಜು ಕೆಟ್ಟಾಗ ಕೇಳಬೇಕಾದ ಪ್ರಶ್ನೆ ಒಂದೇ. ಶಾಖವು ಹೊರಗೆ ಹೋಗುವ ದಾರಿಯಲ್ಲಿ ಎಲ್ಲಿ ಸಿಕ್ಕಿಕೊಂಡಿದೆ? ಇದನ್ನು ಹುಡುಕಲು ಕೊಲ್ಹಾಪುರ ಜಿಲ್ಲೆಯ ಮೂರು ಊರುಗಳಿಗೆ ಹೋಗಿ ಬರೋಣ.

ಮೊದಲು ಗಡಹಿಂಗ್ಲಜಕ್ಕೆ ಹೋಗೋಣ. ಇದು ಹಿರಣ್ಯಕೇಶಿ ನದಿಯ ದಂಡೆಯ ಊರು. ಮೆಣಸಿನಕಾಯಿಯ ಪೇಟೆಗೆ ಹೆಸರಾದದ್ದು. ಇಲ್ಲಿ ಮರಾಠಿಯ ಜೊತೆಗೆ ಕನ್ನಡವೂ ಕೇಳಿಸುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ಕಬ್ಬಿಗೆ ನೀರು ಹಾಯಿಸುವ ಪಂಪುಗಳು ಒಮ್ಮೆಲೇ ನಡೆದಾಗ ವಿದ್ಯುತ್ತಿನ ವೋಲ್ಟೇಜು ಇಳಿಯಬಹುದು. ನಮ್ಮ ಮನೆಗಳಿಗೆ 230 ವೋಲ್ಟಿನ ವಿದ್ಯುತ್ತು ಬರಬೇಕು. ಅದು ಬಹಳ ಇಳಿದರೆ ದೀಪ ಮಂದವಾಗಿ ಉರಿಯುತ್ತದೆ, ಆದರೆ ಕಂಪ್ರೆಸರ್ ಏಳಲಾರದು. ಆಗ ಕಿವಿಗೊಟ್ಟು ಕೇಳಿರಿ. 'ಗುಂಯ್' ಎಂದು ಸ್ವಲ್ಪ ಹೊತ್ತು ಸದ್ದು ಬರುತ್ತದೆ, ಆ ಮೇಲೆ 'ಟಕ್' ಎಂದು ನಿಲ್ಲುತ್ತದೆ. ಕೆಲವು ನಿಮಿಷಗಳ ನಂತರ ಮತ್ತೆ ಅದೇ ಸದ್ದು ಕೇಳಿಸುತ್ತದೆ. ಯಂತ್ರವು ಏಳಲು ನೋಡಿ, ಆಗದೆ ಕುಳಿತುಕೊಳ್ಳುತ್ತಿದೆ ಎಂದು ಇದರ ಅರ್ಥ. ಆ 'ಟಕ್' ಸದ್ದು ಯಂತ್ರವನ್ನು ಸುಡದಂತೆ ಕಾಯುವ ಒಂದು ಸಣ್ಣ ಸಾಧನದ್ದು. ಆಗ ಬಟನ್ ಬಂದ್ ಮಾಡಿಸಿ, ವೋಲ್ಟೇಜು ಸರಿಯಾಗುವವರೆಗೆ ಕಾಯಬೇಕು. ಇದು ದಿನಾಲೂ ನಡೆಯುತ್ತಿದ್ದರೆ ಸ್ಟೆಬಿಲೈಝರ್ ಕೂರಿಸಬೇಕು. ವೋಲ್ಟೇಜು ಸರಿಯಿದ್ದೂ ಹೀಗೆಯೇ ಆಗುತ್ತಿದ್ದರೆ ದೋಷವು ಯಂತ್ರದಲ್ಲಿಯೇ ಇದೆ. ಅದು ಮೆಕ್ಯಾನಿಕರ ಕೆಲಸ.

ಲೈಟು ಹೋಗಿ ಬಂದ ಕೂಡಲೇ ಫ್ರಿಜ್ಜನ್ನು ಹಚ್ಚುವುದೂ ಒಳ್ಳೆಯದಲ್ಲ. ಕೊಳವೆಯಲ್ಲಿ ಅನಿಲದ ಒತ್ತಡ ಇನ್ನೂ ಇಳಿದಿರುವುದಿಲ್ಲ. ಐದು ನಿಮಿಷ ಬಿಟ್ಟು ಹಚ್ಚಬೇಕು.

ಸದ್ದೇ ಇಲ್ಲದಿದ್ದರೆ? ಬಾಗಿಲು ತೆರೆದಾಗ ದೀಪ ಹತ್ತುತ್ತದೆಯೇ ನೋಡಿರಿ. ಹತ್ತದಿದ್ದರೆ ಪ್ಲಗ್ಗು ಸಡಿಲಾಗಿರಬಹುದು, ಫ್ಯೂಜು ಹೋಗಿರಬಹುದು, ಬಲ್ಬೇ ಸುಟ್ಟಿರಬಹುದು. ಪ್ಲಗ್ಗು, ತಂತಿ, ಫ್ಯೂಜುಗಳನ್ನು ನೀವು ಮುಟ್ಟಬಾರದು. ಹಿರಿಯರಿಗೆ ತೋರಿಸಿದರೆ ಸಾಕು. ದೀಪ ಹತ್ತಿದರೆ ವಿದ್ಯುತ್ತು ಬರುತ್ತಿದೆ ಎಂದಾಯಿತು. ಆಗ ಒಳಗಿನ ಗುಂಡಿಯನ್ನು ನೋಡಿರಿ. ಹೆಚ್ಚಿನ ಫ್ರಿಜ್ಜುಗಳಲ್ಲಿ ಅಂಕಿ ದೊಡ್ಡದಾದಷ್ಟೂ ತಂಪು ಹೆಚ್ಚು. ಸೊನ್ನೆ ಎಂದರೆ ಬಂದ್. ಬಾಗಿಲು ಒರೆಸುವಾಗ ಯಾರದೋ ಕೈ ತಾಗಿ ಗುಂಡಿ ಸೊನ್ನೆಗೆ ತಿರುಗಿದ್ದನ್ನು ನೋಡದೆ ಮೆಕ್ಯಾನಿಕರನ್ನು ಕರೆಸುವವರೂ ಇದ್ದಾರೆ!

ಇನ್ನು ಇಚಲಕರಂಜಿ. ಇಲ್ಲಿ 1904ರಲ್ಲಿ ವಿಠ್ಠಲರಾವ ದಾತಾರ ಅವರು ಮೊದಲ ಯಂತ್ರಮಗ್ಗವನ್ನು ಹಾಕಿದರು. ಈಗ ಓಣಿ ಓಣಿಯಲ್ಲಿ ಮಗ್ಗದ ಖಟಖಟ ಸದ್ದು ಕೇಳಿಸುತ್ತದೆ. ಅನೇಕರ ಮನೆಯ ಪಕ್ಕದಲ್ಲಿಯೇ ಮಗ್ಗದ ಶೆಡ್ಡು ಇರುತ್ತದೆ. ನೂಲು ಓಡುವಾಗ ಅದರಿಂದ ಹತ್ತಿಯ ಸಣ್ಣ ಎಳೆಗಳು ಗಾಳಿಗೆ ಹಾರುತ್ತವೆ. ಅವು ತಲೆಗೂದಲಿಗೆ, ಕಿಟಕಿಗೆ, ಫ್ಯಾನಿಗೆ ಅಂಟಿಕೊಳ್ಳುತ್ತವೆ. ಫ್ರಿಜ್ಜಿನ ಹಿಂದಿನ ಜಾಲರಿಯನ್ನೂ ಬಿಡುವುದಿಲ್ಲ. ಜಾಲರಿಯ ಮೇಲೆ ಒಗ್ಗರಣೆಯ ಎಣ್ಣೆಹೊಗೆ ಮೊದಲೇ ಕುಳಿತಿದ್ದರಂತೂ ಮುಗಿಯಿತು. ಅದರ ಮೇಲೆ ಹತ್ತಿಯ ಎಳೆಗಳು ಕೂತು ಗಟ್ಟಿಯಾದ ಪದರಾಗುತ್ತದೆ.

ಹತ್ತಿಯ ಕೌದಿಯನ್ನು ಚಳಿಯಲ್ಲಿ ಏಕೆ ಹೊದೆಯುತ್ತೇವೆ? ಮೈಯ ಶಾಖ ಹೊರಗೆ ಹೋಗಬಾರದು ಎಂದು. ಜಾಲರಿಯ ಮೇಲೆ ಹತ್ತಿ ಕುಳಿತರೆ ಫ್ರಿಜ್ಜಿಗೂ ಕೌದಿ ಹೊದಿಸಿದಂತೆಯೇ! ಹಮಾಲನು ಮೂಟೆ ಹೊತ್ತು ಬಾಗಿಲಿಗೆ ಬಂದಿದ್ದಾನೆ, ಆದರೆ ಇಳಿಸಲು ಜಾಗವಿಲ್ಲ. ಯಂತ್ರ ಬಿಡುವಿಲ್ಲದೆ ನಡೆಯುತ್ತದೆ, ಬಿಲ್ಲು ಏರುತ್ತದೆ, ಹಾಲು ಮಾತ್ರ ತಣ್ಣಗಾಗುವುದಿಲ್ಲ. ಇಂಥ ಫ್ರಿಜ್ಜಿಗೆ ಬೇಕಾದದ್ದು ಹೊಸ ಬಿಡಿಭಾಗವಲ್ಲ, ಒಂದು ಮೆತ್ತನೆಯ ಬ್ರಶ್ಶು. ಹಿರಿಯರು ಪ್ಲಗ್ಗು ತೆಗೆದು, ಫ್ರಿಜ್ಜನ್ನು ಮುಂದೆ ಸರಿಸಿ, ಒಣ ಬ್ರಶ್ಶಿನಿಂದ ಜಾಲರಿಯನ್ನು ಮೇಲಿನಿಂದ ಕೆಳಗೆ ಒರೆಸಬೇಕು. ಮಗ್ಗದ ಊರಿನಲ್ಲಿ ಇದನ್ನು ತಿಂಗಳಿಗೊಮ್ಮೆ ಮಾಡಿದರೂ ಹೆಚ್ಚಲ್ಲ. ತಿರುಗಿ ಇಡುವಾಗ ಗೋಡೆಯಿಂದ ಒಂದು ಗೇಣು ದೂರ ಇಡಬೇಕು. ಕೆಲವು ಹೊಸ ಫ್ರಿಜ್ಜುಗಳಿಗೆ ಹಿಂದೆ ಜಾಲರಿಯೇ ಕಾಣುವುದಿಲ್ಲ. ಅದು ಎರಡೂ ಬದಿಯ ತಗಡಿನ ಒಳಗೆ ಅಡಗಿರುತ್ತದೆ. ಅಂಥ ಫ್ರಿಜ್ಜಿನ ಬದಿಗಳು ಬೆಚ್ಚಗಾಗುವುದು ದೋಷವಲ್ಲ. ಹೂವಿನ ಚಿತ್ರದ ದೊಡ್ಡ ಬಟ್ಟೆ ಹೊದಿಸಿ ಆ ಬದಿಗಳನ್ನು ಮುಚ್ಚುವುದು ಮಾತ್ರ ತಪ್ಪು. ಎಷ್ಟೇ ಚೆಂದ ಕಂಡರೂ ಅದೂ ಕೌದಿಯೇ.

ಕೌದಿ ಒಳಗೂ ಇರಬಹುದು. ಒಂದು ಬಾಗಿಲಿನ ಸಣ್ಣ ಫ್ರಿಜ್ಜಿನಲ್ಲಿ ಮಂಜುಗಡ್ಡೆಯ ಖಾನೆಯ ಸುತ್ತ ಹಿಮ ಬೆಳೆಯುತ್ತದೆ. ಹಿಮ ಹೆಚ್ಚಾದಷ್ಟೂ ತಂಪು ಹೆಚ್ಚು ಎಂದು ನಾವು ತಿಳಿಯುತ್ತೇವೆ. ಆದರೆ ದಪ್ಪ ಹಿಮದ ಮೂಲಕ ಶಾಖ ಸುಲಭವಾಗಿ ದಾಟುವುದಿಲ್ಲ. ಆದ್ದರಿಂದ ಆಗಾಗ ಫ್ರಿಜ್ಜನ್ನು ಬಂದ್ ಮಾಡಿ ಹಿಮ ಕರಗಿಸಬೇಕು. ಚಾಕುವಿನಿಂದ ಕೆರೆಯಬಾರದು. ಹಿಮದ ಹಿಂದೆಯೇ ಅನಿಲದ ಕೊಳವೆ ಇದೆ. ಅದಕ್ಕೆ ತೂತು ಬಿದ್ದರೆ ಅನಿಲವೆಲ್ಲ ಸೋರಿಹೋಗುತ್ತದೆ. ಇಂದಿನ ಅನೇಕ ಫ್ರಿಜ್ಜುಗಳಲ್ಲಿರುವ ಐಸೊಬ್ಯುಟೇನ್ ಎಂಬ ಅನಿಲಕ್ಕೆ ಬೆಂಕಿಯೂ ಹತ್ತುತ್ತದೆ.

ಬಾಗಿಲಿನ ರಬ್ಬರ ಪಟ್ಟಿಯನ್ನು ಪರೀಕ್ಷಿಸುವ ಕೆಲಸ ನಿಮ್ಮದೇ ಆಗಲಿ. ಒಂದು ಕಾಗದದ ಚೀಟಿಯನ್ನು ಬಾಗಿಲಿನ ಸಂದಿಯಲ್ಲಿಟ್ಟು ಮುಚ್ಚಿರಿ. ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸಲೀಸಾಗಿ ಜಾರಿ ಬಂದರೆ ಆ ಜಾಗದಿಂದ ಬಿಸಿ ಗಾಳಿ ಒಳಗೆ ನುಗ್ಗುತ್ತಿದೆ. ಪಟ್ಟಿಯನ್ನು ಸಾಬೂನಿನ ನೀರಿನಿಂದ ತೊಳೆದು ಒರೆಸಿ ಮತ್ತೆ ನೋಡಿರಿ. ಎಷ್ಟೋ ಸಲ ಅಂಟಿದ ಜಿಡ್ಡೇ ಕಾರಣವಾಗಿರುತ್ತದೆ.

ಕೊನೆಗೆ ಕೊಲ್ಹಾಪುರ. ಆಗಸ್ಟ್ 2019ರಲ್ಲಿ ಪಂಚಗಂಗಾ ನದಿಗೆ ಮಹಾಪೂರ ಬಂದಿತು. ಜುಲೈ 2021ರಲ್ಲಿ ಮತ್ತೆ ಬಂದಿತು. ಕೊಲ್ಹಾಪುರದಲ್ಲಿ ನದಿಯ ಸಮೀಪದ ಓಣಿಗಳಲ್ಲಿ ಮನೆಗಳ ಒಳಗೆ ನೀರು ನಿಂತಿತು. ಹೀಗೆ ನೀರಿನಲ್ಲಿ ನಿಂತ ಫ್ರಿಜ್ಜು ಹೊರಗಿನಿಂದ ಒಣಗಿದಂತೆ ಕಂಡರೂ ಅದನ್ನು ಹಚ್ಚಿ ನೋಡಬಾರದು. ಕಂಪ್ರೆಸರಿನ ಗಡಿಗೆಯು ಬೆಸುಗೆ ಹಾಕಿ ಮುಚ್ಚಿದ್ದು, ನಿಜ. ಆದರೆ ಅದರ ಪಕ್ಕದ ತಂತಿಗಳಲ್ಲಿ ನೀರು, ರಾಡಿ ಕುಳಿತಿರುತ್ತದೆ. ಹಚ್ಚಿದವರಿಗೆ ಶಾಕ್ ತಗಲಬಹುದು. ತಿಳಿದವರು ಬಿಚ್ಚಿ, ಒಣಗಿಸಿ, ಪರೀಕ್ಷಿಸಿದ ಮೇಲೆಯೇ ಹಚ್ಚಬೇಕು. ಪೂರದ ನೀರು ತಾಗಿದ ಆಹಾರವನ್ನು, ಔಷಧವನ್ನು ಎಸೆಯಬೇಕು.

ಇಷ್ಟೆಲ್ಲ ನೋಡಿಯೂ ಫ್ರಿಜ್ಜು ತಣ್ಣಗಾಗದಿದ್ದರೆ? ಯಂತ್ರ ನಿಲ್ಲದೆ ನಡೆಯುತ್ತಿದೆ, ಆದರೆ ಹಿಂಬದಿ ಬೆಚ್ಚಗಿಲ್ಲ, ಖಾನೆಯಲ್ಲಿ ಹಿಮವೂ ಇಲ್ಲ. ಹಾಗಿದ್ದರೆ ಅನಿಲ ಸೋರಿರಬಹುದು. ಮೆಕ್ಯಾನಿಕರು ಬಂದು 'ಗ್ಯಾಸು ಮುಗಿದಿದೆ, ತುಂಬುತ್ತೇನೆ' ಎಂದರೆ ಒಂದು ಮಾತು ಕೇಳಿರಿ: 'ಕಾಕಾ, ಎಲ್ಲಿ ಸೋರಿದೆ?' ಒಲೆಯ ಗ್ಯಾಸು ಉರಿದು ಮುಗಿಯುತ್ತದೆ. ಫ್ರಿಜ್ಜಿನ ಅನಿಲ ಉರಿಯುವುದಿಲ್ಲ, ಸುತ್ತುತ್ತಿರುತ್ತದೆ. ಕೊಳವೆ ಗಟ್ಟಿಯಿದ್ದರೆ ಅದು ವರ್ಷಾನುಗಟ್ಟಲೆ ಹಾಗೆಯೇ ಇರುತ್ತದೆ. ತೂತು ಮುಚ್ಚದೆ ಅನಿಲ ತುಂಬಿದರೆ ಒಡಕು ಕೊಡಕ್ಕೆ ನೀರು ತುಂಬಿದಂತೆ.

ಸ್ವಾಧ್ಯಾಯ

1. ಇನ್ಸುಲಿನ್ನನ್ನು ಮಂಜುಗಡ್ಡೆಯ ಖಾನೆಯಲ್ಲಿ ಏಕೆ ಇಡಬಾರದು?
2. ಇಚಲಕರಂಜಿಯಂಥ ಊರಿನಲ್ಲಿ ಫ್ರಿಜ್ಜಿನ ಜಾಲರಿಯನ್ನು ಮೇಲಿಂದ ಮೇಲೆ ಏಕೆ ಒರೆಸಬೇಕು?
3. ಯೋಚಿಸಿರಿ: ಕೋಣೆಯ ಬಾಗಿಲು, ಕಿಟಕಿಗಳನ್ನು ಮುಚ್ಚಿ ಫ್ರಿಜ್ಜಿನ ಬಾಗಿಲನ್ನು ತೆರೆದಿಟ್ಟರೆ ಕೋಣೆ ತಂಪಾಗುವುದೇ, ಬಿಸಿಯಾಗುವುದೇ?

ಉಪಕ್ರಮ: ನಿಮ್ಮ ಊರಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಗುರುಗಳೊಂದಿಗೆ ಹೋಗಿರಿ. ಅಲ್ಲಿ ಲಸಿಕೆ ಇಡುವ ಫ್ರಿಜ್ಜಿನ ತಾಪಮಾನವನ್ನು ದಿನಕ್ಕೆ ಎರಡು ಸಲ ನೋಡಿ ಬರೆದಿಡುತ್ತಾರೆ. ವಿದ್ಯುತ್ತು ಹೋದಾಗ ಲಸಿಕೆಗಳನ್ನು ಹೇಗೆ ಕಾಪಾಡುತ್ತೀರಿ ಎಂದು ಅಲ್ಲಿಯ ನರ್ಸಬಾಯಿಯವರನ್ನು ಕೇಳಿ ಐದಾರು ಸಾಲು ಬರೆಯಿರಿ.