ಬೀದಿಗೆ ಹೆಸರು ಬರುವ ದಾರಿ

ಇವತ್ತು ನೀವು ಮನೆಯಿಂದ ಹೊರಟು ಕೆಲಸಕ್ಕೋ ಮಾರುಕಟ್ಟೆಗೋ ಹೋಗುವಾಗ ಎಷ್ಟು ಬೀದಿಗಳನ್ನು ದಾಟಿದಿರಿ? ಅವುಗಳಲ್ಲಿ ಎಷ್ಟರ ಹೆಸರು ನಿಮಗೆ ಗೊತ್ತು? ಆ ಹೆಸರುಗಳನ್ನು ಇಟ್ಟವರು ಯಾರು, ಯಾರನ್ನು ಕೇಳಿ ಇಟ್ಟರು? ಮೊದಲ ಎರಡು ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಲ್ಲಿರಿ. ಮೂರನೆಯದಕ್ಕೆ ಉತ್ತರ ಹುಡುಕಲು ನಾವಿಬ್ಬರೂ ಜೊತೆಯಾಗಿ ನಡೆಯೋಣ. ಕಾನೂನು ಓದಿರಬೇಕಾಗಿಲ್ಲ, ಇತಿಹಾಸ ಬಲ್ಲವರಾಗಿರಬೇಕಾಗಿಲ್ಲ. ತಿಳಿಯಬೇಕೆಂಬ ಆಸೆಯಿದ್ದರೆ ಸಾಕು.

ಮೊದಲು ಹೆಸರು ಏಕೆ ಬೇಕು ಎಂಬುದನ್ನು ನೋಡೋಣ. ಅಂಚೆಯವರು ಕಾಗದ ತಲುಪಿಸುವುದು, 108 ಆಂಬ್ಯುಲೆನ್ಸ್ ಸರಿಯಾದ ಮನೆಯ ಮುಂದೆ ನಿಲ್ಲುವುದು, ನಿಮ್ಮ ಮನೆಯ ಖಾತೆಯಲ್ಲಿ ವಿಳಾಸ ಬರೆಯುವುದು, ಎಲ್ಲವೂ ಬೀದಿಯ ಹೆಸರಿನ ಮೇಲೆ ನಿಂತಿವೆ. ಖಾತೆ ಎಂದರೆ ಆಸ್ತಿ ತೆರಿಗೆ ಯಾರ ಹೆಸರಿನಲ್ಲಿದೆ ಎಂದು ಸ್ಥಳೀಯ ಸಂಸ್ಥೆ ಇಟ್ಟುಕೊಳ್ಳುವ ದಾಖಲೆ. ಹೀಗೆ ಬೀದಿಯ ಹೆಸರಿನ ಮೊದಲ ಕೆಲಸ ದಾರಿ ತೋರಿಸುವುದು. ಎರಡನೆಯ ಕೆಲಸ ನೆನಪು ಉಳಿಸುವುದು. ಈ ಎರಡು ಕೆಲಸಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಬರುವ ಎಲ್ಲ ನಿಯಮಗಳೂ ಇವುಗಳಿಂದಲೇ ಹುಟ್ಟಿದವು.

ಹೆಸರುಗಳಲ್ಲಿ ನಾಲ್ಕು ಬಗೆ

ನಮ್ಮ ಊರುಗಳ ಬೀದಿ ಹೆಸರುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಕಸುಬಿನ ಹೆಸರು. ಬೆಂಗಳೂರಿನ ಹಳೆಯ ಪೇಟೆಗೆ ಹೋದರೆ ಬಳೆಪೇಟೆ, ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ ಸಿಗುತ್ತವೆ. ಅಲ್ಲಿ ಏನು ಮಾರುತ್ತಿದ್ದರು, ಯಾರು ವಾಸವಾಗಿದ್ದರು ಎಂಬುದೇ ಹೆಸರಾಯಿತು.

ಎರಡನೆಯದು ದಿಕ್ಕಿನ ಹೆಸರು. ಮೈಸೂರಿನ ಹುಣಸೂರು ರಸ್ತೆ, ನಂಜನಗೂಡು ರಸ್ತೆಗಳನ್ನು ನೆನೆಯಿರಿ. ರಸ್ತೆ ಯಾವ ಊರಿಗೆ ಹೋಗುತ್ತದೋ ಆ ಊರಿನ ಹೆಸರೇ ರಸ್ತೆಗೂ ಬಂತು. ಹುಣಸೂರಿನಲ್ಲಿ ನಿಂತವರಿಗೆ ಅದೇ ರಸ್ತೆ ಮೈಸೂರು ರಸ್ತೆಯಾಗುತ್ತದೆ ಎಂಬುದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ.

ಮೂರನೆಯದು ಅಂಕಿಯ ಹೆಸರು. 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೆಳೆದವು. ಇಂಥ ಬಡಾವಣೆಗಳಲ್ಲಿ ಮುಖ್ಯರಸ್ತೆ, ಅಡ್ಡರಸ್ತೆ ಎಂಬ ಲೆಕ್ಕ ಬಳಕೆಗೆ ಬಂತು. ಜನರ ಬಾಯಲ್ಲಿ ಅವು ‘ಮೇನ್’ ಮತ್ತು ‘ಕ್ರಾಸ್’. ಒಂದು ದಿಕ್ಕಿಗೆ ಹೋಗುವುದು ಮೇನ್, ಅದನ್ನು ಅಡ್ಡ ಹಾಯುವುದು ಕ್ರಾಸ್. ಐದನೇ ಕ್ರಾಸ್ ದಾಟಿದರೆ ಆರನೆಯದು ಬರುತ್ತದೆ ಎಂದು ಊರಿಗೆ ಹೊಸಬರೂ ಊಹಿಸಬಹುದು. ದಾರಿ ತೋರಿಸುವ ಕೆಲಸವನ್ನು ಅಂಕಿ ಚೆನ್ನಾಗಿ ಮಾಡುತ್ತದೆ. ಆದರೆ ಅದಕ್ಕೆ ನೆನಪು ಉಳಿಸುವುದು ಬರುವುದಿಲ್ಲ.

ನಾಲ್ಕನೆಯದು ವ್ಯಕ್ತಿಯ ಹೆಸರು. ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಮೈಸೂರಿನ ಕೆ.ಆರ್. ವೃತ್ತಕ್ಕೆ ಹೋದಾಗ ನಾನು ಈ ಪಾಠ ಮಾಡುತ್ತೇನೆ. ಅಲ್ಲಿಂದ ಹೊರಡುವ ಒಂದು ರಸ್ತೆ ಸಯ್ಯಾಜಿರಾವ್ ರಸ್ತೆ, ದಸರೆಯ ಜಂಬೂಸವಾರಿ ಸಾಗುವ ದಾರಿ. ಅದಕ್ಕೆ ಬರೋಡದ ಮಹಾರಾಜರ ಹೆಸರಿದೆ. ಪಕ್ಕದ್ದು ದೇವರಾಜ ಅರಸು ರಸ್ತೆ. 1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಾಗ ಮುಖ್ಯಮಂತ್ರಿಯಾಗಿದ್ದವರು ಅರಸು. ನಾಡಿಗೆ ಹೆಸರಿಟ್ಟ ಕಾಲದವರ ಹೆಸರು ಈಗ ಒಂದು ಬೀದಿಗಿದೆ.

ಮೊದಲ ಎರಡು ಬಗೆಯ ಹೆಸರುಗಳನ್ನು ಯಾರೂ ಸಭೆ ಸೇರಿ ಇಡಲಿಲ್ಲ. ಜನ ಕರೆದರು, ಹೆಸರು ನಿಂತಿತು. ಮೂರನೆಯದನ್ನು ಬಡಾವಣೆಯ ನಕ್ಷೆ ಬರೆದವರು ಇಟ್ಟರು. ನಾಲ್ಕನೆಯದಕ್ಕೆ ಮಾತ್ರ ಇಂದು ಸಾಮಾನ್ಯವಾಗಿ ಒಂದು ನಿರ್ಧಾರ ಬೇಕು. ಆ ನಿರ್ಧಾರ ಯಾರದು?

ಹೆಸರಿಡುವ ಅಧಿಕಾರ ಯಾರದು?

ಊರಿನ ಬೀದಿಗೆ ಹೆಸರಿಡುವುದು ಆ ಊರಿನ ಸ್ಥಳೀಯ ಸಂಸ್ಥೆಯ ಕೆಲಸ. ಕರ್ನಾಟಕದ ನಗರ ಪ್ರದೇಶಗಳಲ್ಲಿ ಜನಸಂಖ್ಯೆಯ ಲೆಕ್ಕದಲ್ಲಿ ನಾಲ್ಕು ಹಂತದ ಸಂಸ್ಥೆಗಳಿವೆ. 10,000ದಿಂದ 20,000 ಜನರಿದ್ದರೆ ಪಟ್ಟಣ ಪಂಚಾಯಿತಿ, 50,000ದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ, ಅದಕ್ಕೂ ಮೇಲ್ಪಟ್ಟರೆ ಮಹಾನಗರ ಪಾಲಿಕೆ. ಮೊದಲ ಮೂರಕ್ಕೆ 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮ ಅನ್ವಯಿಸುತ್ತದೆ. ಮೈಸೂರಿನಂಥ ಮಹಾನಗರ ಪಾಲಿಕೆಗಳದು 1976ರ ಬೇರೆ ಅಧಿನಿಯಮ. ಅಧಿನಿಯಮ ಎಂದರೆ ಶಾಸನಸಭೆ ಒಪ್ಪಿದ ಕಾನೂನು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಿ. ಬೀದಿಯ ಹೆಸರು ಬೇರೆ, ಊರಿನ ಹೆಸರು ಬೇರೆ. 2014ರ ನವೆಂಬರ್ 1ರಂದು ‘ಬೆಂಗಳೂರು’, ‘ಮೈಸೂರು’ ಮುಂತಾದ 12 ಊರುಗಳ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಣೆಯಂತೆ ಬರೆಯುವುದು ಜಾರಿಗೆ ಬಂದಾಗ ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆ ಬೇಕಾಯಿತು. ಬೀದಿಯ ಹೆಸರಿಗಾಗಿ ದೆಹಲಿಯವರೆಗೆ ಹೋಗಬೇಕಿಲ್ಲ.

ಮನವಿಯಿಂದ ನಾಮಫಲಕದವರೆಗೆ

ಈಗ ಒಂದು ಹೆಸರು ನಡೆಯುವ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಮಹಾನಗರ ಪಾಲಿಕೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲ ಹೆಜ್ಜೆ ಮನವಿ. ಬಡಾವಣೆಯ ನಿವಾಸಿಗಳ ಸಂಘವೋ ಕನ್ನಡ ಸಂಘಟನೆಯೋ ವಾರ್ಡಿನ ಸದಸ್ಯರೋ ಶಾಸಕರೋ ಇಂಥ ರಸ್ತೆಗೆ ಇಂಥವರ ಹೆಸರಿಡಬೇಕೆಂದು ಬರೆದು ಕೊಡುತ್ತಾರೆ.

ಎರಡನೆಯದು ಪರಿಶೀಲನೆ. ಆ ರಸ್ತೆಗೆ ಈಗಾಗಲೇ ಹೆಸರಿದೆಯೇ? ಅದೇ ಹೆಸರಿನ ಇನ್ನೊಂದು ರಸ್ತೆ ಊರಿನಲ್ಲಿದೆಯೇ? ರಸ್ತೆ ಎಲ್ಲಿಂದ ಎಲ್ಲಿಯವರೆಗೆ? ಇದನ್ನು ಅಧಿಕಾರಿಗಳು ಕಡತದಲ್ಲಿ ಬರೆಯಬೇಕು. ಕಡತ ಎಂದರೆ ಒಂದು ವಿಷಯಕ್ಕೆ ಸೇರಿದ ಕಾಗದಗಳ ಕಟ್ಟು.

ಮೂರನೆಯದು ನಿರ್ಣಯ. ವಿಷಯ ಸಭೆಯ ಕಾರ್ಯಸೂಚಿಗೆ, ಅಂದರೆ ಅಂದು ಚರ್ಚಿಸಬೇಕಾದ ಸಂಗತಿಗಳ ಪಟ್ಟಿಗೆ ಬರುತ್ತದೆ. ಸಭೆ ಒಪ್ಪಿ ಬರೆದಿಟ್ಟ ತೀರ್ಮಾನವೇ ನಿರ್ಣಯ. ಉತ್ತರ ಕರ್ನಾಟಕದ ಕಡೆ ಇದಕ್ಕೆ ಠರಾವು ಎನ್ನುತ್ತಾರೆ. ಚುನಾಯಿತ ಸದಸ್ಯರ ಅವಧಿ ಮುಗಿದು ಹೊಸ ಚುನಾವಣೆ ನಡೆಯದಿದ್ದಾಗ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಸಭೆಯ ಸ್ಥಾನದಲ್ಲಿರುತ್ತಾರೆ.

ನಾಲ್ಕನೆಯದು ಸಾರ್ವಜನಿಕ ಪ್ರಕಟಣೆ, ಐದನೆಯದು ರಾಜ್ಯ ಸರ್ಕಾರದ ಅನುಮೋದನೆ, ಕೊನೆಯದು ಬೀದಿಯ ಮೂಲೆಯಲ್ಲಿ ನಿಲ್ಲುವ ನಾಮಫಲಕ. ಈ ಮೂರರಲ್ಲಿ ಪ್ರಕಟಣೆಯ ಬಳಿ ನಿಮ್ಮನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕು. ಇಡೀ ದಾರಿಯಲ್ಲಿ ನಿಮಗಾಗಿಯೇ ತೆರೆದಿರುವ ಬಾಗಿಲು ಅದು.

ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಅದು ಬರುತ್ತದೆ. ಅಂಗೈಯಗಲದ ಚೌಕ, ಸಣ್ಣ ಅಕ್ಷರ. ಮೇಲೆ ಪಾಲಿಕೆಯ ಹೆಸರು. ಕೆಳಗೆ ರಸ್ತೆಯ ಎರಡು ತುದಿಗಳು: ಇಂಥ ದೇವಸ್ಥಾನದಿಂದ ಇಂಥ ವೃತ್ತದವರೆಗೆ. ಆಮೇಲೆ ಇಡಬೇಕೆಂದಿರುವ ಹೆಸರು. ಕೊನೆಯ ಸಾಲಿನಲ್ಲಿ, ಆಕ್ಷೇಪಣೆ ಅಥವಾ ಸಲಹೆಗಳಿದ್ದರೆ ಇಷ್ಟು ದಿನಗಳೊಳಗೆ ಬರಹದಲ್ಲಿ ಸಲ್ಲಿಸಬೇಕೆಂಬ ಮಾತು. ರೂಢಿಯಲ್ಲಿ 30 ದಿನ ಕೊಡುತ್ತಾರೆ. ಆಕ್ಷೇಪಣೆ ಎಂದರೆ ಜಗಳ ಎಂದು ತಿಳಿಯಬೇಡಿ. ‘ನನ್ನ ಅಭಿಪ್ರಾಯ ಬೇರೆ, ಕಾರಣ ಇದು’ ಎಂದು ಬರೆದು ತಿಳಿಸುವುದೇ ಆಕ್ಷೇಪಣೆ.

ಒಂದು ನಿಜವಾದ ಪ್ರಸಂಗ

2024ರ ಡಿಸೆಂಬರಿನಲ್ಲಿ ಮೈಸೂರಿನಲ್ಲಿ ಇಂಥದೊಂದು ಪ್ರಕಟಣೆ ಬಂತು. ಕೆ.ಆರ್.ಎಸ್. ರಸ್ತೆಯ ಒಂದು ಭಾಗಕ್ಕೆ ‘ಸಿದ್ದರಾಮಯ್ಯ ಆರೋಗ್ಯ ಮಾರ್ಗ’ ಎಂದು ಹೆಸರಿಡುವ ಪ್ರಸ್ತಾವ ಅದರಲ್ಲಿತ್ತು. ಆ ರಸ್ತೆಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಮೊದಲಾದ ದೊಡ್ಡ ಆಸ್ಪತ್ರೆಗಳಿವೆ, ಅವುಗಳ ಹಿಂದೆ ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ಕೊಡುಗೆಯಿದೆ ಎಂಬುದು ಪ್ರಸ್ತಾವದ ಪರವಾಗಿದ್ದವರ ಮಾತು. ಆ ರಸ್ತೆಗೆ ಹಿಂದಿನಿಂದಲೂ ಪ್ರಿನ್ಸೆಸ್ ರಸ್ತೆ ಎಂಬ ಹೆಸರಿದೆ ಎಂಬುದು ವಿರೋಧಿಸಿದವರ ಮಾತು. ಆ ಪ್ರಿನ್ಸೆಸ್ ಯಾರು? ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿ. ಅವರು ಕ್ಷಯರೋಗದಿಂದ ತೀರಿಕೊಂಡರು. ಅವರ ನೆನಪಿನ ಕ್ಷಯರೋಗ ಆಸ್ಪತ್ರೆ ಅದೇ ರಸ್ತೆಯಲ್ಲಿದೆ. ಊರಿನವರು ಅದನ್ನು ಪಿ.ಕೆ.ಟಿ.ಬಿ. ಆಸ್ಪತ್ರೆ ಎನ್ನುತ್ತಾರೆ.

ಯಾವ ಪಕ್ಷ ಸರಿ ಎಂದು ಹೇಳುವುದಕ್ಕಾಗಿ ಈ ಪ್ರಸಂಗ ತೆಗೆಯಲಿಲ್ಲ. ಒಂದು ಚಿಕ್ಕ ಪ್ರಕಟಣೆ ಏನು ಮಾಡಿತು ನೋಡಿ. ಜನ ಹಳೆಯ ದಾಖಲೆಗಳನ್ನು ಹುಡುಕಿದರು. ದಿನವೂ ಆ ರಸ್ತೆಯಲ್ಲಿ ಓಡಾಡುತ್ತಿದ್ದ ಎಷ್ಟೋ ಮಂದಿ ‘ಪಿ.ಕೆ.’ ಎಂಬ ಎರಡು ಅಕ್ಷರಗಳ ಒಳಗೆ ಒಬ್ಬ ಹೆಣ್ಣುಮಗಳ ಬದುಕು ಇದೆ ಎಂದು ಆಗ ತಿಳಿದರು. ಊರು ತನ್ನ ಬೀದಿಯನ್ನು ಓದಿಕೊಂಡಿತು.

ಒಳ್ಳೆಯ ಹೆಸರಿನ ಲಕ್ಷಣ

ಊರುಗಳ ಹೆಸರು ಬದಲಾವಣೆಗೆ ಕೇಂದ್ರ ಗೃಹ ಸಚಿವಾಲಯ 1953ರಲ್ಲಿ ಮಾರ್ಗಸೂಚಿ ಹೊರಡಿಸಿತು. ಜನರಿಗೆ ರೂಢಿಯಾದ ಹೆಸರನ್ನು ವಿಶೇಷ ಕಾರಣವಿಲ್ಲದೆ ಬದಲಿಸಬಾರದು, ಇತಿಹಾಸದ ನಂಟಿರುವ ಹೆಸರನ್ನು ಆದಷ್ಟು ಉಳಿಸಬೇಕು, ಗೊಂದಲವಾಗುವಂತೆ ಹತ್ತಿರದಲ್ಲೇ ಅದೇ ಹೆಸರು ಇರಬಾರದು ಎಂಬುದು ಅದರ ಸಾರ. ಅದು ಬರೆದದ್ದು ಊರುಗಳಿಗಾಗಿ. ಆದರೆ ಬೀದಿಗಳಿಗೂ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ.

ಇದಕ್ಕೆ ನಾನು ಇನ್ನೊಂದು ಮಾತು ಸೇರಿಸುತ್ತೇನೆ: ಹೆಸರು ಬಾಯಿಗೆ ಒಗ್ಗಬೇಕು. ಬೆಂಗಳೂರಿನ ಕಬ್ಬನ್ ಪಾರ್ಕಿಗೆ 1927ರಿಂದ ಶ್ರೀ ಚಾಮರಾಜೇಂದ್ರ ಉದ್ಯಾನ ಎಂಬ ಅಧಿಕೃತ ಹೆಸರಿದೆ. ಆದರೂ ಆಟೋದವರಿಗೆ ನಾವು ಹೇಳುವುದು ಕಬ್ಬನ್ ಪಾರ್ಕ್ ಎಂದೇ. ಸೌತ್ ಪರೇಡ್ ಎಂಬ ಹಳೆಯ ಹೆಸರಾದರೋ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾದ ಮೇಲೆ ಮರೆತೇಹೋಯಿತು. ಹೊಸ ಹೆಸರನ್ನು ಜನ ಎಂ.ಜಿ. ರಸ್ತೆ ಎಂದು ಚಿಕ್ಕದಾಗಿಸಿಕೊಂಡು ಒಪ್ಪಿದರು. ಇಲ್ಲೊಂದು ಎಚ್ಚರವೂ ಬೇಕು. ಅರಸು ರಸ್ತೆಯ ಇನ್ನೊಂದು ತುದಿಯಲ್ಲಿರುವ ಜೆ.ಎಲ್.ಬಿ. ರಸ್ತೆ ಯಾರ ಹೆಸರಿನದು ಎಂದು ವಿದ್ಯಾರ್ಥಿಗಳನ್ನು ಕೇಳಿದರೆ ಸಾಮಾನ್ಯವಾಗಿ ಮೌನವೇ ಉತ್ತರ. ಅದು ಝಾನ್ಸಿ ಲಕ್ಷ್ಮೀಬಾಯಿ ರಸ್ತೆ. ದಾರಿ ತೋರಿಸುವ ಕೆಲಸ ನಡೆದಿದೆ, ನೆನಪು ಉಳಿಸುವ ಕೆಲಸ ನಿಂತುಹೋಗಿದೆ. ನಾಮಫಲಕದಲ್ಲಿ ಪೂರ್ತಿ ಹೆಸರು ಬರೆಯಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ನಿಮ್ಮ ಪಾಲಿನ ಕೆಲಸ

ಈಗ ನಿಮಗೊಂದು ಅಭ್ಯಾಸ ಕೊಡುತ್ತೇನೆ. ಈ ವಾರ ನಿಮ್ಮದೇ ಬೀದಿಯ ತುದಿಗೆ ಹೋಗಿ ನಾಮಫಲಕ ಓದಿ. ಆಮೇಲೆ ಬೀದಿಯ ಅತ್ಯಂತ ಹಿರಿಯರನ್ನು ಹುಡುಕಿ, ‘ಅಜ್ಜೀ, ಮೊದಲು ಈ ಬೀದಿಗೆ ಏನೆನ್ನುತ್ತಿದ್ದಿರಿ?’ ಎಂದು ಕೇಳಿ. ಫಲಕದಲ್ಲಿರುವ ಹೆಸರನ್ನೂ ಅಜ್ಜಿ ಹೇಳಿದ ಹೆಸರನ್ನೂ ಅಕ್ಕಪಕ್ಕ ಬರೆದಿಟ್ಟುಕೊಳ್ಳಿ.

ಮುಂದೊಂದು ದಿನ ನಿಮ್ಮ ಬೀದಿಯ ಬಗ್ಗೆ ಪ್ರಕಟಣೆ ಬಂದಾಗ ಆ ಹಾಳೆ ಕೆಲಸಕ್ಕೆ ಬರುತ್ತದೆ. ಪತ್ರದಲ್ಲಿ ನಾಲ್ಕು ಸಂಗತಿ ಇದ್ದರೆ ಸಾಕು: ಪ್ರಕಟಣೆಯ ದಿನಾಂಕ, ರಸ್ತೆಯ ಎರಡು ತುದಿ, ನಿಮ್ಮ ಒಪ್ಪಿಗೆ ಅಥವಾ ಆಕ್ಷೇಪ, ಅದಕ್ಕೆ ಕಾರಣ. ಕೊಟ್ಟದ್ದಕ್ಕೆ ಸ್ವೀಕೃತಿ, ಅಂದರೆ ಪತ್ರ ತಲುಪಿತೆಂಬ ಮೊಹರು, ಪಡೆಯುವುದನ್ನು ಮರೆಯಬೇಡಿ. ಹೆಸರು ಒಪ್ಪಿಗೆಯಾದರೆ ‘ಒಪ್ಪಿಗೆಯಿದೆ’ ಎಂದೂ ಬರೆಯಬಹುದು. ಬೀದಿಗೆ ಹೆಸರಿಡುವ ಕೆಲಸದಲ್ಲಿ ಅಜ್ಜಿಯ ಮಾತೂ ಕಡತದೊಳಗೆ ಸೇರುವುದು ಆ 30 ದಿನಗಳಲ್ಲಿ, ನಿಮ್ಮ ಕೈಬರಹದಲ್ಲಿ.