ಹಿಟ್ಟು ಒಂದೇ, ದೋಸೆ ಹತ್ತು

ಒಂಬತ್ತನೇ ತರಗತಿಗೆ ಪ್ರತಿ ವರ್ಷ ನಾನು ಕೊಡುತ್ತಿದ್ದ ಪ್ರಾಜೆಕ್ಟ್ ಒಂದೇ: ವೃಷಭಾವತಿ. ರಾಜರಾಜೇಶ್ವರಿನಗರದ ಮಕ್ಕಳಿಗೆ ಅದು ನದಿಯೇ ಅಲ್ಲ, ಮೈಸೂರು ರಸ್ತೆಗೆ ಬಂದರೆ ಮೂಗು ಮುಚ್ಚಿಕೊಳ್ಳಬೇಕಾದ ಮೋರಿ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂಬ ನಂಬಿಕೆ, ಕೆಂಗೇರಿ, ಬೈರಮಂಗಲ ಕೆರೆ, ಆಮೇಲೆ ಅರ್ಕಾವತಿ, ಕಾವೇರಿ ಎಂದು ಅದರ ದಾರಿಯನ್ನು ನಾನೇ ಬರೆಸುತ್ತಿದ್ದೆ. ದಡದ ದೇವಸ್ಥಾನಗಳ ಪಟ್ಟಿಯಲ್ಲಿ ಬ್ಯಾಟರಾಯನಪುರದ ಗಾಳಿ ಆಂಜನೇಯನ ಹೆಸರಿನ ಮುಂದೆ, '1425ರಲ್ಲಿ ವ್ಯಾಸರಾಯರು ಪ್ರತಿಷ್ಠಾಪಿಸಿದ್ದು' ಎಂದಿರುತ್ತಿತ್ತು. ಹತ್ತು ವರ್ಷ ಹೀಗೇ ನಡೆಯಿತು.

2023ರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಮಿಸ್, ವ್ಯಾಸರಾಯರು ಕೃಷ್ಣದೇವರಾಯನ ಗುರುಗಳಲ್ವಾ? ಅವನು ಪಟ್ಟಕ್ಕೆ ಬಂದಿದ್ದು 1509 ಅಂತ ನೀವೇ ಹೇಳಿದ್ರಿ. ಅದಕ್ಕೆ 84 ವರ್ಷ ಮುಂಚೇನೇ ಗುರುಗಳು ದೇವಸ್ಥಾನ ಕಟ್ಟಿದ್ರಾ?"

ಕ್ಲಾಸು ನಕ್ಕಿತು. "ಸನ್ಯಾಸಿಗಳು ತುಂಬ ವರ್ಷ ಬದುಕ್ತಾರೆ, ಸುಮ್ನೆ ಬರ್ಕೊ" ಎಂದುಬಿಟ್ಟೆ. ಆ ಮಾತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಪ್ರಶ್ನೆ ಕೇಳಿ ಎಂದು ವರ್ಷವಿಡೀ ಭಾಷಣ ಮಾಡುವವಳು ನಾನೇ.

ರಾತ್ರಿ ನಿದ್ದೆ ಬರಲಿಲ್ಲ. ಆ ಇಸವಿ ನನಗೆ ಸಿಕ್ಕಿದ್ದಾದರೂ ಎಲ್ಲಿಂದ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಎಲ್ಲೋ ಓದಿದ್ದೆ, ನೋಟ್ಸಿಗೆ ಇಳಿಸಿದ್ದೆ, ಅಷ್ಟೇ. ನೋಟ್ಸಿಗೆ ಬಂದ ಮೇಲೆ ಅದು ನನ್ನದೇ ಜ್ಞಾನವಾಗಿಬಿಟ್ಟಿತ್ತು.

ಮಾರನೇ ದಿನ ಅವನಲ್ಲಿ ತಪ್ಪಾಯಿತೆಂದು ಹೇಳಿ, ಇಡೀ ಕ್ಲಾಸನ್ನೇ ಹುಡುಕಲು ಹಚ್ಚಿದೆ. ಅಂತರ್ಜಾಲದಲ್ಲಿ ಹತ್ತು ಕಡೆ 1425 ಸಿಕ್ಕಿತು. "ಹತ್ತು ಕಡೆ ಇದೆ ಅಂದ್ಮೇಲೆ ಸರಿ ಇರ್ಬೇಕು ಮಿಸ್" ಎಂದರು ಮಕ್ಕಳು. ಎಲ್ಲವನ್ನೂ ಪ್ರಿಂಟ್ ತೆಗೆಸಿ ನೆಲದ ಮೇಲೆ ಹರಡಿಸಿದೆ. ಒಂದೇ ವಾಕ್ಯ, ಅದೇ ಅನುಕ್ರಮ. ಒಂದರ ಕಾಗುಣಿತದ ತಪ್ಪು ಕೂಡ ಇನ್ನೊಂದರಲ್ಲಿ ಹಾಗೇ ಇತ್ತು. "ಹತ್ತು ದೋಸೆ, ಹಿಟ್ಟು ಮಾತ್ರ ಒಂದೇ" ಎಂದಳು ಒಬ್ಬಳು. ಸಾಕ್ಷಿಗಳನ್ನು ಎಣಿಸುವ ಮುಂಚೆ ಅವರು ಯಾರಿಂದ ಕೇಳಿಸಿಕೊಂಡರು ನೋಡಬೇಕೆಂದು ನಾನು ಎಷ್ಟು ಪಾಠ ಮಾಡಿದ್ದರೂ ಅಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ಇನ್ನು ವ್ಯಾಸರಾಯರ ಕಾಲ. ಅವರು ಬನ್ನೂರಿನಲ್ಲಿ ಹುಟ್ಟಿದ್ದು 1460ರ ಸುಮಾರಿಗೆ ಎಂದು ಹೆಚ್ಚಿನ ವಿದ್ವಾಂಸರು, 1447 ಎಂದು ಕೆಲವರು. ತೀರಿಕೊಂಡದ್ದು 1539ರಲ್ಲಿ, ವೃಂದಾವನ ಇರುವುದು ಆನೆಗೊಂದಿ ಬಳಿಯ ನವವೃಂದಾವನದಲ್ಲಿ. ಅವರ ಕಾಲದವನೇ ಆದ ಸೋಮನಾಥ ಕವಿ ಸಂಸ್ಕೃತದಲ್ಲಿ 'ವ್ಯಾಸಯೋಗಿಚರಿತ' ಬರೆದಿದ್ದಾನೆ, ಅದು 1926ರಲ್ಲಿ ಅಚ್ಚಾಯಿತು ಎಂದಾಗ ಮಕ್ಕಳಿಗೆ ಅಚ್ಚರಿ. ಕಣ್ಣಾರೆ ಕಂಡವನು ಬರೆದದ್ದಕ್ಕೂ ಐನೂರು ವರ್ಷದ ನಂತರ ಕಾಪಿ ಮಾಡಿದ್ದಕ್ಕೂ ಒಂದೇ ಬೆಲೆಯಾ ಎಂದು ಒಂದು ಪೀರಿಯಡ್ ಜಗಳವಾಡಿದರು. ಕಣ್ಣಾರೆ ಕಂಡವನೂ ಭಕ್ತಿಯಲ್ಲಿ ಉಬ್ಬಿಸಿ ಬರೆದಿರಬಹುದಲ್ಲ ಎಂದು ಅದೇ ಹಿಂದಿನ ಬೆಂಚು ಕೇಳಿತು. ಹುಟ್ಟಿದ್ದು 1447 ಎಂದೇ ಇಟ್ಟುಕೊಂಡರೂ 1425ರಲ್ಲಿ ಅವರು ಇರಲೇ ಇಲ್ಲ. ದೇವಸ್ಥಾನ ವ್ಯಾಸರಾಯರದು ಎಂಬ ಹಿರಿಯರ ಮಾತನ್ನು ಇದು ಸುಳ್ಳು ಮಾಡುವುದಿಲ್ಲ. ಯಾರು ಎನ್ನುವುದು ಬೇರೆ, ಯಾವಾಗ ಎನ್ನುವುದು ಬೇರೆ. ಎರಡನ್ನೂ ಒಂದೇ ಗಂಟು ಕಟ್ಟಿದವಳು ನಾನು.

ಕಥೆ ಇಲ್ಲಿಗೇ ಮುಗಿಯುತ್ತಿತ್ತೇನೋ. ಒಂದು ವಾರದ ಮೇಲೆ ದೋಸೆಯ ಹುಡುಗಿ ಅಜ್ಜನ ಪಂಚಾಂಗ ಹಿಡಿದುಕೊಂಡು ಬಂದಳು. ಮೇಲೆ 'ಶಾಲಿವಾಹನ ಶಕ 1945' ಎಂದಿತ್ತು. "ಮಿಸ್, ನಮ್ಮ ಕ್ಯಾಲೆಂಡರ್‌ಗೂ ಇದಕ್ಕೂ 78 ವರ್ಷ ವ್ಯತ್ಯಾಸ. ಹಳೇ ಶಾಸನದಲ್ಲೆಲ್ಲ ಶಕ ವರ್ಷಾನೇ ಅಲ್ವಾ ಬರೆಯೋದು? 1425 ಶಕ ವರ್ಷ ಆಗಿದ್ರೆ?"

ಬೋರ್ಡಿನ ಮೇಲೆ ಕೂಡಿದೆವು: 1503. ವ್ಯಾಸರಾಯರು ನಡುಹರೆಯ ದಾಟಿದ ಕಾಲ, ಕೃಷ್ಣದೇವರಾಯನ ಪಟ್ಟಕ್ಕೆ ಆರು ವರ್ಷ ಮುಂಚೆ. ಕ್ಲಾಸಿನಲ್ಲಿ ಚಪ್ಪಾಳೆ. ನನಗೂ ಮೈ ಜುಮ್ಮೆಂದಿತು.

ಆ ಜುಮ್ಮೇ ಅಪಾಯದ್ದು. ಉತ್ತರ ಇಷ್ಟು ಸೊಗಸಾಗಿ ಕೂತುಬಿಟ್ಟರೆ ಪುರಾವೆ ಕೇಳುವ ಮನಸ್ಸೇ ಆಗುವುದಿಲ್ಲ. ಯಾರೋ ಶಕ ವರ್ಷವನ್ನು ಇಸವಿ ಎಂದುಕೊಂಡು ಬರೆದಿರಬಹುದು. ಹಾಗೆ ಆಯಿತು ಎನ್ನಲು ನಮ್ಮ ಕೈಯಲ್ಲಿ ಒಂದು ಶಾಸನವಿಲ್ಲ, ಒಂದು ಕಾಗದವಿಲ್ಲ. ಹುಡುಗಿ ಅಷ್ಟರಲ್ಲಾಗಲೇ ಚಾರ್ಟಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ '1503ರಲ್ಲಿ ಪ್ರತಿಷ್ಠಾಪನೆ' ಎಂದು ದಪ್ಪಗೆ ಬರೆದಾಗಿತ್ತು. ಪಕ್ಕದಲ್ಲಿ 'ಇರಬಹುದು' ಸೇರಿಸು ಎಂದೆ. ಮುಖ ಸಣ್ಣದಾಯಿತು. ಜಾಗ ಇಲ್ಲದೆ ಅಂಚಿನಲ್ಲಿ ಇಷ್ಟೇ ಇಷ್ಟು ಅಕ್ಷರದಲ್ಲಿ ತುರುಕಿದಳು.

"ಇರಬಹುದು ಅಂತ ಬರೆದ್ರೆ ಮಾರ್ಕ್ಸ್ ಕಟ್ ಆಗುತ್ತಾ ಮಿಸ್?"

ಪ್ರಾಜೆಕ್ಟ್ ನೋಡಲು ಹೊರಗಿನಿಂದ ಬರುವವರು ಯಾರೆಂದು ನನಗೆ ತಿಳಿದಿರಲಿಲ್ಲ.

"ಆಗಬಹುದು" ಎಂದೆ.